ಸೊಲ್ಲು ಕೊಟ್ಟ ರೋಗಿಗೆ ಸೊನ್ನೆ ಕೊಟ್ಟ ವಿಚಾರ

ಸಂಗೀತ ಚಿಕಿತ್ಸಾ ಮಾಪನಗಳ ಭಾಷಾಂತರ ವಿಭಾಗ, ತುಮಾಕೊ
ಸಂಖ್ಯೆ: ಸಂಚಿ/ಭಾಷಾಂ/14 (ತಿದ್ದುಪಡಿಯ ತಿದ್ದುಪಡಿ)

ವಿಷಯ: ರೋಗಿಗಳಿಗೆ ಅಂಕ ಹಾಕಲು ಚಳಿದೇಶದಿಂದ ತರಿಸಿದ ಪ್ರಶ್ನಾಪಟ್ಟಿಯನ್ನು ಸೆಕೆಯ ನಮ್ಮ ಕಡಲೂರಿಗೆ ಒಗ್ಗಿಸುವ ಬಗ್ಗೆ.

ಉಲ್ಲೇಖ: 1) ಸುತ್ತೋಲೆ 12. 2) ಅದನ್ನು ಹಿಂಪಡೆದ ಸುತ್ತೋಲೆ 13. 3) ಶ್ರೀಮತಿ ನಿಲ್ಸಾ ಕಿನ್ಯೋನೆಸ್ ಅವರು ಕಚೇರಿ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಸಲ್ಲಿಸಿದ ಮನವಿ.

1. ಪಟ್ಟಿಯ ಮೂರನೇ ಪ್ರಶ್ನೆ, "ಹಿಮ ಬೀಳುವ ಸದ್ದಿಗೆ ರೋಗಿಯು ಶಾಂತನಾಗುವನೇ?" ಹಿಮ ಕಂಡವರು ಇಲ್ಲಿ ಯಾರೂ ಇಲ್ಲವಾದ್ದರಿಂದ, ಅದನ್ನು ಐಸ್ ಹೆರೆದು ಮಾರುವವನ ಗಂಟೆಯ ಸದ್ದು ಎಂದು ಒಗ್ಗಿಸಲಾಗಿತ್ತು. ಮೊದಲ ತಂಡದ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಂಬತ್ತು ರೋಗಿಗಳೂ ಇಬ್ಬರು ಪರೀಕ್ಷಕರೂ ಬೀದಿಗೆ ಓಡಿರುತ್ತಾರೆ. ಗಾಲಿಕುರ್ಚಿಯ ಎವರಿಸ್ತೊ ಅವರು ಮೊದಲು ತಲುಪಿರುತ್ತಾರೆ. ಇದನ್ನು ಗುಣಮುಖರಾದ ಪ್ರಕರಣವೆಂದು ನಮೂದಿಸಬಾರದೆಂದು ಈ ಮೂಲಕ ಸೂಚಿಸಲಾಗಿದೆ.

2. "ತಾಳಕ್ಕೆ ಬೆರಳಾಡಿಸುವನೇ?" ಎಂಬ ಪ್ರಶ್ನೆಯು ಭಾಷಾಂತರವಾಗಿ, ನಿಯಮದಂತೆ ಮೂಲಭಾಷೆಗೆ ಮರಳಿ ಭಾಷಾಂತರವಾದಾಗ "ನೆರೆಯವರನ್ನು ಎಬ್ಬಿಸಿ ಕುಣಿಸುವನೇ?" ಎಂದಾಗಿರುತ್ತದೆ. ಮೂಲಕ್ಕಿಂತ ಇದೇ ವಾಸಿಯೆಂದು ತಜ್ಞರ ಸಮಿತಿ ಠರಾವು ಮಾಡಿದೆ.

3. ಏಳನೇ ಪ್ರಶ್ನೆ, "ಚಿಕಿತ್ಸಕಿ ಹಾಡುವಾಗ ರೋಗಿಯು ಮೌನವಾಗಿರುವನೇ?" ಮೌನಕ್ಕೆ ನಾಲ್ಕು ಅಂಕ. ಒಬ್ಬಳು ಹಾಡಿದರೆ ಉಳಿದವರು ದನಿಗೂಡಿಸಿ ಸೊಲ್ಲು ಕೊಡುವ ಊರಿದು. ಕೊಡದವರು ಒಂದೋ ಮುನಿಸಿಕೊಂಡಿರಬೇಕು, ಇಲ್ಲವೇ ತೀರಿಕೊಂಡಿರಬೇಕು. ಇಪ್ಪತ್ತೆರಡು ಜನರಿಗೆ ಸೊನ್ನೆ ಬಂದಿದ್ದು, ಪೂರ್ಣ ಅಂಕವು ನಿದ್ದೆ ಹೋಗಿದ್ದ ಎಲಿಯೊದೊರೊ ಅವರಿಗೂ ರಾಜಧಾನಿಯಿಂದ ಬಂದಿದ್ದ ಮೇಲ್ವಿಚಾರಕರಿಗೂ ಲಭಿಸಿದೆ.

4. ಲಕ್ವ ಹೊಡೆದು ಎಂಟು ತಿಂಗಳಿಂದ ಮಾತು ನಿಂತಿರುವ ಶ್ರೀಮತಿ ಲೆಯೊಕಾದಿಯಾ ಕಿನ್ಯೋನೆಸ್ ಅವರು, ಚಿಕಿತ್ಸಕಿಯ ಜೋಗುಳಕ್ಕೆ ಮಾತು ಕೂಡಿಸಿ ಸೊಲ್ಲು ಕೊಟ್ಟ ಅಪರಾಧಕ್ಕೆ ಸೊನ್ನೆ ಪಡೆದು, ತಮ್ಮ ಗುರುವಾರದ ಚಿಕಿತ್ಸೆಯನ್ನೇ ಕಳೆದುಕೊಂಡಿರುತ್ತಾರೆ. ಮಗಳು ನಿಲ್ಸಾ ಅವರ ಮನವಿಯ ಯಥಾಪ್ರತಿ: "ಏನ್ ಸಾರ್, ತಲೆ ನೆಟ್ಟಗಿದ್ಯಾ? ಎಂಟು ತಿಂಗಳಾಯ್ತು ನಮ್ಮವ್ವ ನನ್ನ ಹೆಸರು ಕರೆದು. ಹಾಡಲ್ಲಾದ್ರೂ ಬಾಯಿ ಬಿಟ್ಲಲ್ಲ ಅಂದ್ರೆ, ಅದಕ್ಕೇ ಸೊನ್ನೆ ಹಾಕಿ ಮನೇಗೆ ಅಟ್ಟಿದ್ರಿ! ನಿಮ್ಮವ್ವ ಹಾಡೋವಾಗ ನೀವೇನು ಬಾಯಿಗೆ ಬೀಗ ಜಡ್ಕೊಂಡಿದ್ರಾ?"

ಕಡೆಯ ಪ್ರಶ್ನೆ ಕೇಳಿ ಸಹಿದಾರರಿಗೆ ನಾಚಿಕೆಯಾಯಿತೆಂದು ಕಡತದಲ್ಲಿ ದಾಖಲಿಸಲಾಗಿದೆ.

5. ಆದ್ದರಿಂದ ಆದೇಶಿಸುವುದೇನೆಂದರೆ:
(ಅ) ಸೊಲ್ಲು ಕೊಟ್ಟವರಿಗೆ ನಾಲ್ಕು ಅಂಕ. ಸುಮ್ಮನಿದ್ದವರನ್ನು "ಯಾರ ಮೇಲೆ ಸಿಟ್ಟು?" ಎಂದು ವಿಚಾರಿಸತಕ್ಕದ್ದು.
(ಆ) ನಾಲ್ಕು ಅಂಕ ಪಡೆದ ಮೇಲ್ವಿಚಾರಕರನ್ನು ಒಳರೋಗಿಯಾಗಿ ದಾಖಲಿಸಿಕೊಳ್ಳತಕ್ಕದ್ದು.
(ಇ) ಶ್ರೀಮತಿ ಲೆಯೊಕಾದಿಯಾ ಅವರ ಗುರುವಾರವನ್ನು ಮರಳಿಸತಕ್ಕದ್ದು.

(ಸಹಿ)
ವಿಲ್‌ಫ್ರಿದೊ ಆಂಗುಲೊ
ಉಪನಿರ್ದೇಶಕರು (ಒಗ್ಗಿಸುವಿಕೆ)

ಪ್ರತಿಗಳು:
1. ಮೇಲ್ವಿಚಾರಕರಿಗೆ, ಹಾಸಿಗೆ ಸಂಖ್ಯೆ 6.
2. ಐಸ್ ಮಾರುವವರಿಗೆ, ಪರೀಕ್ಷಾ ವೇಳೆಯಲ್ಲಿ ಬೇರೆ ಬೀದಿ ಹಿಡಿಯುವ ಕೋರಿಕೆಯೊಂದಿಗೆ.
3. ಶ್ರೀಮತಿ ನಿಲ್ಸಾ ಅವರಿಗೆ: ನಿನ್ನೆ ತಾವು ಸಂತೆಯಲ್ಲಿ ಏಡಿ ಮಾರುತ್ತಿದ್ದಾಗ ಮರುಪರೀಕ್ಷೆ ನಡೆಸಲಾಯಿತು. ಜೋಗುಳದಲ್ಲಿ ಮಗುವಿನ ಹೆಸರು ಬರುವಲ್ಲಿ ತಮ್ಮ ತಾಯಿಯವರು ಮೂರು ಸಲ "ನಿಲ್ಸಾ" ಎಂದಿರುತ್ತಾರೆ. ಗುರುವಾರ ತಪ್ಪದೆ ಹಾಜರಾಗಿ ಓಗೊಡತಕ್ಕದ್ದು.