ಹನ್ನೊಂದು ಕಂಪನಿ, ಒಂದು ಪಂಪು

ಊರಿಗೆ ನೀರು ಬೇಕು ಎಂಬ ವಿಷಯದಲ್ಲಿ ಯಾವ ಕಂಪನಿಗೂ ಎಂದೂ ಭಿನ್ನಾಭಿಪ್ರಾಯವಿರಲಿಲ್ಲ. ಈ ಅಂಶವನ್ನು ಮೊದಲಿಗೇ ದಾಖಲಿಸುವುದು ಸೂಕ್ತ. ಮುಂದೆ ನಡೆದದ್ದರಲ್ಲಿ ಯಾರ ತಪ್ಪೂ ಇಲ್ಲ.

ನೀರು ಕೆಳಗೆ ಹೊಳೆಯಲ್ಲಿತ್ತು, ಊರು ಮೇಲೆ ದಿಬ್ಬದಲ್ಲಿತ್ತು. ಇವೆರಡರ ನಡುವೆ ಒಂದು ಪಂಪ್‌ಹೌಸ್, ಅದರೊಳಗೆ ಒಂದು ಪಂಪು, ಪಂಪಿನ ಪಕ್ಕದ ಕುಂಟ ಸ್ಟೂಲಿನ ಮೇಲೆ ಪಂಪಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಇಪ್ಪತ್ತಾರು ವರ್ಷ ಪಂಪು ನಡೆಸಿದ ಮೇಲೆ ಅದು ಅವನಿಗೇ ಥಟ್ಟನೆ ನೆನಪಾಗುತ್ತಿರಲಿಲ್ಲ. ಬೆಳಿಗ್ಗೆ ಬಂದವನೇ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಬೇರಿಂಗಿನ ಮೇಲೆ ಅಂಗೈ ಇಡುತ್ತಿದ್ದ. "ಹುಂ, ಪರವಾಗಿಲ್ಲ" ಎಂದು ತನಗೆ ತಾನೇ ಹೇಳಿಕೊಂಡು ಸ್ವಿಚ್ಚು ಒತ್ತುತ್ತಿದ್ದ. ಊರು ಹಲ್ಲುಜ್ಜುತ್ತಿತ್ತು.

ಪಂಪಿನ ಒಡೆಯರು ಸೋಡಾ ಸಾಹುಕಾರರು. ಸೋಡಾಕ್ಕೆ ನೀರು ಬೇಕಲ್ಲ ಎಂದು ಅವರು ನೀರಿನ ಕಂಪನಿ ಕೊಂಡರು. ನೀರಿಗೆ ಕರೆಂಟು ಬೇಕಲ್ಲ ಎಂದು ಪವರ್‌ಹೌಸ್ ಕೊಂಡರು. ಪವರ್‌ಹೌಸಿನವರು ಕೆಲಸಕ್ಕೆ ಬರಬೇಕಲ್ಲ ಎಂದು ಊರ ಬಸ್ಸನ್ನೂ ಕೊಂಡರು. ಇಲ್ಲಿಯವರೆಗಿನದು ವ್ಯಾಪಾರ.

"ಮೂರು ಕಂಪನಿ ಹಿಡಿದುಕೊಳ್ಳೋಕೆ ನನಗಿರೋದು ಎರಡೇ ಕೈ" ಎಂದು ಸಾಹುಕಾರರು ಒಂದು ದಿನ ಹೇಳಿದರು. ಅದು ನ್ಯಾಯವಾದ ಮಾತೇ. ಆದ್ದರಿಂದ ಆ ಮೂರನ್ನೂ ಹಿಡಿದುಕೊಳ್ಳುವುದಕ್ಕೆಂದೇ ನಾಲ್ಕನೆಯ ಕಂಪನಿ ಹುಟ್ಟಿತು. ಅದಕ್ಕೆ ಹಿಡುವಳಿ ಕಂಪನಿ ಎಂದು ಹೆಸರು. ಹಿಡಿದುಕೊಳ್ಳುವುದರ ಹೊರತು ಅದಕ್ಕೆ ಬೇರೆ ಕೆಲಸವಿರಲಿಲ್ಲ. ಅದನ್ನು ಅದು ಅಚ್ಚುಕಟ್ಟಾಗಿ ಮಾಡುತ್ತಿತ್ತು.

ಇದನ್ನು ಸಾಹುಕಾರರ ಹೆಂಡತಿ ಗಮನಿಸಿದರು. "ನನ್ನ ತಮ್ಮ ನಾಲ್ಕು ವರ್ಷದಿಂದ ಏನನ್ನೂ ಹಿಡಿದುಕೊಳ್ಳದೆ ಮನೇಲಿ ಕೂತಿದಾನೆ. ನೋಡಿದವರು ಏನಂತಾರೆ?" ಎಂದರು. ನಾಲ್ಕನೆಯದನ್ನು ಹಿಡಿದುಕೊಳ್ಳಲು ಐದನೆಯದು ಬಂತು, ಭಾವಮೈದ ಅಧ್ಯಕ್ಷನಾದ. ಭಾವಮೈದನಿಗೆ ಕುರ್ಚಿ ಕೊಟ್ಟು ಬೀಗರನ್ನು ನಿಲ್ಲಿಸಿದರೆ ಮಗಳ ಸಂಸಾರ ನೆಟ್ಟಗಿರುತ್ತದೆಯೇ? ಬೀಗರಿಗೆ ಆರನೆಯದು. ಏಳನೆಯದು ಅಣ್ಣನವರಿಗೆ, ಎಂಟನೆಯದು ಷಡ್ಡಕರಿಗೆ, ಒಂಬತ್ತನೆಯದು ಅಕ್ಕನ ಗಂಡನಿಗೆ. ಹತ್ತನೆಯದು ಅತ್ತೆಯವರಿಗೆ. ಅದರ ಮೇಲೆ ಯಾರೂ ಕೂರತಕ್ಕದ್ದಲ್ಲ ಎಂದು ಅತ್ತೆಯವರೇ ನಿಯಮ ಮಾಡಿದರು.

ಹತ್ತೂ ಕಂಪನಿಗಳ ಕಚೇರಿ ಹಳೆಯ ಸೋಡಾ ಗೋದಾಮಿನಲ್ಲೇ. ಕಂಪನಿಗೊಂದು ಮೇಜು, ಮೇಜಿಗೊಂದು ಗಂಟೆ, ಎರಡು ಮೇಜಿನ ನಡುವೆ ಗೋಡೆಯ ಬದಲು ಒಂದು ಕಬ್ಬಿಣದ ಬೀರು. ಬಾಗಿಲ ಪಕ್ಕದ ಬೋರ್ಡಿನಲ್ಲಿ ಹತ್ತು ಹೆಸರು ಹಿಡಿಸಲು ಅದನ್ನು ನೆಲದವರೆಗೂ ಇಳಿಸಬೇಕಾಯಿತು. ನೀರಿನ ಕಂಪನಿಯ ಹೆಸರು ಓದಬೇಕಾದವರು ಕುಕ್ಕರಗಾಲಲ್ಲಿ ಕೂತು ಓದಿಕೊಳ್ಳಬೇಕು ಎಂಬ ಸೂಚನೆಯನ್ನು ಮೇಲುಗಡೆಯೇ ಬರೆಸಿದ್ದರು.

ಹೀಗಿರುವಾಗ ಪಂಪು ಸೋರತೊಡಗಿತು.

ದೊಡ್ಡ ಕಾಯಿಲೆಯೇನಲ್ಲ. ಪಂಪಿನ ದಂಡ ತಿರುಗುವ ಜಾಗದಲ್ಲಿ ನೀರು ಹೊರಗೆ ಬಾರದಂತೆ ಗ್ರೀಸು ಮೆತ್ತಿದ ಹಗ್ಗವೊಂದನ್ನು ಸುತ್ತಿರುತ್ತಾರೆ, ಅದು ಸವೆದಿತ್ತು. ಹಿಂದೆಲ್ಲ ಪಂಪಣ್ಣ ಸೋಡಾ ಅಂಗಡಿಯ ಮುಂದೆ ನಿಂತು "ಸಾಹುಕಾರ್ರೇ, ಹಗ್ಗ" ಎನ್ನುತ್ತಿದ್ದ. ಅವರು ಹಾರ್ಡ್‌ವೇರ್ ಅಂಗಡಿಯ ಕಡೆ ಕೈ ತೋರಿಸುತ್ತಿದ್ದರು. ಟೀ ಆರುವುದರೊಳಗೆ ಕೆಲಸ ಮುಗಿಯುತ್ತಿತ್ತು. ಈಗ ವ್ಯವಸ್ಥೆ ಇತ್ತು. ಪಂಪಣ್ಣ ಎರಡು ಗಜ ಹಗ್ಗ ಕೋರಿ ಅರ್ಜಿ ಬರೆದ.

ಅರ್ಜಿ ಮೇಲಕ್ಕೆ ಹೋಯಿತು, ನೀರು ಮೇಲಕ್ಕೆ ಹೋಗುವುದು ನಿಂತಿತು. ಮೊದಲು ತೊಂದರೆಯಾದದ್ದು ದಿಬ್ಬದ ತುದಿಯ ಮೇಲಿನ ಬೀದಿಗೆ. ಅಲ್ಲಿ ಪಂಪಣ್ಣನ ಅಕ್ಕ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಲಾಂಡ್ರಿ ಇಟ್ಟಿದ್ದಳು. ಭಾವ ಹೋದ ಮೇಲೆ ಆ ಅಂಗಡಿಯೇ ಅವಳ ಅನ್ನ. ಅರವತ್ತೆರಡು ಮೆಟ್ಟಿಲು ಇಳಿದು, ಎರಡು ಬಕೆಟ್ ತುಂಬಿಕೊಂಡು, ಅರವತ್ತೆರಡು ಮೆಟ್ಟಿಲು ಹತ್ತಿ, ಮಂಡಿ ಹಿಡಿದುಕೊಂಡು ಕೂತು, ಮತ್ತೆ ಇಳಿಯುತ್ತಿದ್ದಳು. ಮದುವೆಗೆ ಕೊಟ್ಟ ಕೋಟು ಮದುವೆ ಮುಗಿದ ಮೇಲೆ ಸಿದ್ಧವಾಯಿತು. ಮದುಮಗ ಬಂದು ಏನೂ ಅನ್ನದೆ ತೆಗೆದುಕೊಂಡು ಹೋದ. ಬೈದಿದ್ದರೇ ಚೆನ್ನಾಗಿತ್ತು ಎಂದು ಅಕ್ಕ ಅಂದುಕೊಂಡಳು.

"ಏನೋ, ನಿನ್ನ ಪಂಪಿಗೆ ಯಾವ ಗರ ಬಡಿದಿದೆ?" ಎಂದು ಪಂಪ್‌ಹೌಸಿಗೇ ಬಂದು ಕೇಳಿದಳು.

"ಅರ್ಜಿ ಕೊಟ್ಟಿದೀನಿ ಅಕ್ಕಾ. ಐದನೇ ಕಂಪನೀಲಿದೆ."

"ಅಲ್ಲೇನು ಮಾಡ್ತಾ ಇದೆ?"

"ನಮ್ಮಲ್ಲಿ ಬಾವಿಯೇ ಇಲ್ಲ, ಹಗ್ಗ ಯಾಕೆ ಅಂತ ಕೇಳಿದಾರೆ."

ಪಂಪಣ್ಣ ಅಕ್ಕನಿಂದ ಹಳೆಯ ಹೊದಿಕೆಯೊಂದನ್ನು ಇಸಿದುಕೊಂಡು, ಸೀಳಿ, ಗ್ರೀಸು ಹಚ್ಚಿ ಸುತ್ತಿದ. ಎರಡು ದಿನ ತಡೆಯಿತು, ಮೂರನೆಯ ದಿನ ಮತ್ತೆ ಸೋರಿತು. ಬಕೆಟ್ ಹೊತ್ತ ಅಕ್ಕನ ಬೆನ್ನು ಕಿಟಕಿಯಲ್ಲಿ ಕಂಡಾಗಲೆಲ್ಲ ಅವನು ಮುಖ ತಿರುಗಿಸಿ ಮೊದಲೇ ಹೊಳೆಯುತ್ತಿದ್ದ ಹಿತ್ತಾಳೆ ಭಾಗಗಳನ್ನು ಮತ್ತೆ ಒರೆಸುತ್ತಿದ್ದ.

ಮೂರು ತಿಂಗಳಿಗೆ ಅರ್ಜಿ ಹತ್ತನೆಯ ಮೇಜು ಮುಟ್ಟಿತು. ಕೆಳಗಿನ ಒಂಬತ್ತೂ ಮಂದಿ ಬರೆದದ್ದನ್ನು ಅತ್ತೆಯವರು ಕನ್ನಡಕ ಹಾಕಿಕೊಂಡು ಓದಿದರು. ಎಲ್ಲರೂ "ಮೇಲಿನವರ ಅವಗಾಹನೆಗೆ" ಎಂದು ಬರೆದಿದ್ದರು. ತಾವೂ ಹಾಗೆಯೇ ಬರೆದು ಗಂಟೆ ಬಾರಿಸಿದರು.

ಮೇಲೆ ಯಾರೂ ಇರಲಿಲ್ಲ.

ಇದು ಗಂಭೀರ ಲೋಪ ಎಂದು ಎಲ್ಲರೂ ಒಪ್ಪಿದರು. ಅತ್ತೆಯವರು ಬರೆದದ್ದನ್ನು ಹೊಡೆದುಹಾಕಿ ಎನ್ನುವ ಧೈರ್ಯ ಯಾರಿಗಿದೆ? ಹನ್ನೊಂದನೆಯ ಕಂಪನಿಯೊಂದೇ ದಾರಿ. ಆದರೆ ಅತ್ತೆಯ ಮೇಲೆ ಕೂರಲು ಮನೆಯವರು ಯಾರೂ ಸಿದ್ಧರಿರಲಿಲ್ಲ.

"ನಮಗೆ ಏನೂ ಆಗದವರು ಯಾರಿದಾರೆ ನೋಡಿ" ಎಂದರು ಸಾಹುಕಾರರು.

"ಪಂಪಣ್ಣ ಇದಾನೆ ಸಾರ್" ಎಂದ ನೀರಿನ ಕಂಪನಿಯ ಮ್ಯಾನೇಜರ್. "ಇಪ್ಪತ್ತಾರು ವರ್ಷದಿಂದ ಇದಾನೆ, ಏನೂ ಆಗಿಲ್ಲ."

ಹಾಗೆ ಪಂಪಣ್ಣ ಹನ್ನೊಂದನೆಯ ಕಂಪನಿಯ ಅಧ್ಯಕ್ಷನಾದ. ಗುರುವಾರ ಮಾತ್ರ, ಹನ್ನೊಂದರಿಂದ ಒಂದರವರೆಗೆ. ಉಳಿದ ಹೊತ್ತು ಎಂದಿನಂತೆ ಪಂಪು. ಕಂಪನಿಯ ಕೋಟು ಭುಜದಲ್ಲಿ ಬಿಗಿ, ತೋಳಿನಲ್ಲಿ ಸಡಿಲ. ಕುರ್ಚಿ ಮಾತ್ರ ತಿರುಗುತ್ತಿತ್ತು. ಮೊದಲ ಗುರುವಾರ ಬಾಗಿಲು ಹಾಕಿಕೊಂಡು ಅವನು ಆರು ಸುತ್ತು ತಿರುಗಿದ. ಸುಳ್ಳೇಕೆ, ಹಿತವಾಗಿತ್ತು.

ಎರಡನೆಯ ಗುರುವಾರ ಕಡತ ಬಂತು. ತನ್ನದೇ ಅರ್ಜಿ. ಅರ್ಜಿದಾರನ ಅಕ್ಷರ ಕೋಳಿ ಕೆದರಿದ ಹಾಗಿದೆಯಲ್ಲ ಎಂದು ಅಲ್ಲಿ ಕೂತು ನೋಡಿದಾಗ ಮೊದಲ ಬಾರಿಗೆ ಅನ್ನಿಸಿತು. ಸಹಿ ಹಾಕಲು ಪೆನ್ನು ತೆಗೆದ. ಅಷ್ಟರಲ್ಲಿ ಅವನಿಗೆ ಅಳುಕಾಯಿತು. ಹತ್ತು ದೊಡ್ಡವರು ಮಂಜೂರು ಮಾಡದ್ದನ್ನು ತಾನು ಹೇಗೆ ಮಾಡುವುದು? ನಾಳೆ ಹೆಚ್ಚುಕಡಿಮೆಯಾದರೆ? ಕುರ್ಚಿ ಮೆಲ್ಲಗೆ ಎಡಕ್ಕೆ ತಿರುಗಿತು. ಪಂಪಣ್ಣ ಬರೆದ: "ಹಳೆಯ ಹಗ್ಗ ಏನಾಯಿತು? ಅರ್ಜಿದಾರನಿಂದ ವಿವರಣೆ ಪಡೆದು ಮಂಡಿಸುವುದು."

ಮರುವಾರ ಬುಧವಾರ ಆ ಕಾಗದ ಪಂಪ್‌ಹೌಸಿಗೆ ಬಂದಾಗ ಅವನಿಗೆ ಮೈಯೆಲ್ಲ ಉರಿಯಿತು. "ಮೇಲೆ ಕೂತವರಿಗೆ ಕೆಳಗಿನವರ ಕಷ್ಟ ಏನು ಗೊತ್ತು!" ಎಂದು ಕೂಗಿದ. ಬಕೆಟ್ ತುಂಬಿಕೊಳ್ಳಲು ಬಂದಿದ್ದ ಅಕ್ಕ ಕಾಗದ ಕಸಿದು ನೋಡಿದಳು.

"ಇದು ಯಾರ ಸಹಿ?"

"ಅಧ್ಯಕ್ಷರದು."

"ಅಧ್ಯಕ್ಷರು ಯಾರು?"

ಪಂಪಣ್ಣ ನೆಲ ನೋಡಿದ. "ಗುರುವಾರ ಮಾತ್ರ ನಾನು."

ಅಕ್ಕ ಕಾಗದವನ್ನು ಮಡಚಿ ಅವನ ಜೇಬಿಗೆ ತುರುಕಿದಳು. ಆಮೇಲೆ ಹೇಳಿದಳು: "ನಾಳೆ ನೀನು ಸಹಿ ಹಾಕದೆ ಕೆಳಗಿಳಿದರೆ, ಈ ಎರಡು ಬಕೆಟ್ಟನ್ನೂ ನಿನ್ನ ತಿರುಗೋ ಕುರ್ಚಿ ಮೇಲಿಟ್ಟು, ಕುರ್ಚಿ ಸಮೇತ ನಿನ್ನ ತಲೆ ಮೇಲೆ ಹೊರಿಸಿ ಮೆಟ್ಟಿಲು ಹತ್ತಿಸ್ತೀನಿ."

ಗುರುವಾರ ಹನ್ನೊಂದು ಗಂಟೆ ಒಂದು ನಿಮಿಷಕ್ಕೆ ಸಹಿಯಾಯಿತು. ಮಂಜೂರಾತಿ ಹತ್ತು ಮೇಜು ಇಳಿಯಬೇಕಿತ್ತು. ಅತ್ತೆಯವರನ್ನು ದಾಟಿ, ಸಾಹುಕಾರರ ಅಕ್ಕನ ಗಂಡನ ಮೇಜಿಗೆ ಬಂದು, ಅವರು ಊಟಕ್ಕೆ ಹೋಗಿದ್ದಾಗ, ಸರ್ಕಾರದ ತನಿಖಾಧಿಕಾರಿ ಬಂದಿಳಿದರು. ದೇಶದಲ್ಲೆಲ್ಲ ಹೀಗೆ ಒಂದರ ಮೇಲೊಂದು ಕಂಪನಿ ಏರಿ ಕೂತಿವೆಯೆಂದು ಹೊಸ ಕಾನೂನಾಗಿತ್ತು: ಒಂದನ್ನು ಹಿಡಿದುಕೊಂಡ ಕಂಪನಿಯನ್ನು ಇನ್ನೊಂದು ಹಿಡಿದುಕೊಳ್ಳತಕ್ಕದ್ದಲ್ಲ, ಹಿಡಿದುಕೊಂಡದ್ದು ಕಂಡುಬಂದರೆ ಒಡೆಯತಕ್ಕದ್ದು.

ಅಧಿಕಾರಿ ಸಣಕಲು ಮನುಷ್ಯ, ಮೃದು ಮಾತು. ಮೇಜಿನಿಂದ ಮೇಜಿಗೆ ಹೋಗಿ "ತಾವು ಏನು ಮಾಡುತ್ತೀರಿ?" ಎಂದು ಕೇಳಿದರು. "ಹಿಡಿದುಕೊಂಡಿದ್ದೇವೆ" ಎಂದು ಎಲ್ಲರೂ ಹೆಮ್ಮೆಯಿಂದ ಹೇಳಿದರು. ಎಲ್ಲವನ್ನೂ ಬರೆದುಕೊಂಡು ಕೊನೆಗೆ ಪಂಪ್‌ಹೌಸಿಗೆ ಇಳಿದು ಬಂದರು.

"ಇದು?"

"ಪಂಪು ಸಾರ್."

"ಇದು ಯಾರನ್ನು ಹಿಡಿದುಕೊಂಡಿದೆ?"

ಇಪ್ಪತ್ತಾರು ವರ್ಷದಲ್ಲಿ ಯಾರೂ ಪಂಪಿನ ಬಗ್ಗೆ ಇಷ್ಟು ಗೌರವದಿಂದ ಕೇಳಿರಲಿಲ್ಲ. ಪಂಪಣ್ಣ ಸ್ಟೂಲಿನಿಂದ ಎದ್ದು ನಿಂತ. "ಇಡೀ ಊರನ್ನೇ ಹಿಡಿದುಕೊಂಡಿದೆ ಸಾರ್" ಎಂದ.

ಅಧಿಕಾರಿ ಅದನ್ನೂ ಬರೆದುಕೊಂಡರು. ಹದಿನೈದು ದಿನಕ್ಕೆ ಆದೇಶ ಬಂತು:

"ಪ್ರಕಟಣೆ. ಸದರಿ ಊರಿನ ಹನ್ನೊಂದು ಕಂಪನಿಗಳನ್ನು ಪರಸ್ಪರ ಬೇರ್ಪಡಿಸಲಾಗಿದೆ. ಸ್ಥಳೀಯ ಹೇಳಿಕೆಯ ಮೇರೆಗೆ ಪಂಪು ಸಹ ಹಿಡುವಳಿ ಸಂಸ್ಥೆಯೆಂದು ಸಾಬೀತಾಗಿರುವುದರಿಂದ, ಅದನ್ನೂ ಅದರ ಕೊಳವೆಗಳನ್ನೂ ಹನ್ನೊಂದು ಭಾಗವಾಗಿ ಒಡೆದು ಹಂಚತಕ್ಕದ್ದು. ಹಳೆಯ ವ್ಯವಸ್ಥೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕೊನೆಗೊಂಡು ಹೊಸದು ಸಂಜೆ ಐದಕ್ಕೆ ಆರಂಭವಾಗುವುದು."

ಸೋಮವಾರ ಹತ್ತಕ್ಕೆ ಬೋರ್ಡು ಇಳಿಸಿದರು. ಸಂಜೆ ಐದರವರೆಗೆ ಊರಿನಲ್ಲಿ ಯಾವ ಕಂಪನಿಯೂ ಇರಲಿಲ್ಲ. ಪಂಪಣ್ಣ ಸ್ಟೂಲಿನ ಮೇಲೆ ಕೂತು ಯೋಚಿಸಿದ. ಅರ್ಜಿ ಕೊಡಲು ಯಾರೂ ಇಲ್ಲ, ತಿರಸ್ಕರಿಸಲೂ ಯಾರೂ ಇಲ್ಲ. ಎದ್ದು ಚಪ್ಪಲಿ ಮೆಟ್ಟಿ ಹಾರ್ಡ್‌ವೇರ್ ಅಂಗಡಿಗೆ ಹೋದ.

"ಎರಡು ಗಜ ಹಗ್ಗ."

"ಪತ್ರ ಎಲ್ಲಿ?" ಎಂದ ಅಂಗಡಿಯವನು.

"ಬರೆಯೋರು ಯಾರೂ ಇಲ್ಲ ಇವತ್ತು."

ಅಂಗಡಿಯವನು ಬೀದಿಯ ಎರಡೂ ಕಡೆ ನೋಡಿ, ಹಗ್ಗ ಕತ್ತರಿಸಿ ಕೊಟ್ಟ.

ಮಧ್ಯಾಹ್ನ ಒಂದೂವರೆಗೆ ನೀರು ದಿಬ್ಬ ಹತ್ತಿತು. ಮೇಲಿನ ಬೀದಿಯ ನಲ್ಲಿಗಳು ಮೊದಲು ಕೆಮ್ಮಿದವು, ಆಮೇಲೆ ತುಕ್ಕು ಉಗುಳಿದವು, ಆಮೇಲೆ ಧೋ ಎಂದು ಸುರಿದವು. ಅಕ್ಕನ ಲಾಂಡ್ರಿಯ ನಲ್ಲಿಯ ತಲೆಯೇ ಹಾರಿ ಇಸ್ತ್ರಿಯಾಗಿದ್ದ ಹನ್ನೆರಡು ಅಂಗಿ ತೋಯ್ದವು. ಅವಳು ಸೆರಗಿನಿಂದ ನಲ್ಲಿ ಒತ್ತಿ ಹಿಡಿದು, ಮೈಯೆಲ್ಲ ಒದ್ದೆ, ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಓಡಿ ಬಂದ ಪಂಪಣ್ಣ ಬಾಗಿಲಲ್ಲಿ ನಿಂತು ನೋಡಿದ. ಇಬ್ಬರೂ ಆ ದಿನ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಒದ್ದೆ ಅಂಗಿಗಳನ್ನು ಹಿಂಡುತ್ತ, ಐದು ಗಂಟೆಯವರೆಗೆ ಹರಟಿದರು.

ಐದಕ್ಕೆ ಹೊಸ ವ್ಯವಸ್ಥೆ ಬಂತು. ಪಂಪು ನಿಂತಲ್ಲೇ ನಿಂತಿತ್ತು, ಕಾಗದದ ಮೇಲೆ ಹಂಚಿಹೋಯಿತು. ಮೋಟಾರು ಭಾವಮೈದನಿಗೆ, ದಂಡ ಬೀಗರಿಗೆ, ವಾಲ್ವು ಷಡ್ಡಕರಿಗೆ, ಮೊದಲ ಇಪ್ಪತ್ತು ಮೆಟ್ಟಿಲ ಕೊಳವೆ ಅಣ್ಣನವರಿಗೆ. ಒತ್ತಡ ತೋರಿಸುವ ಗಡಿಯಾರ ಅತ್ತೆಯವರಿಗೆ, ಅದನ್ನು ಮಾತ್ರ ಅವರು ಬಿಚ್ಚಿಸಿಕೊಂಡು ಹೋದರು. ಅವರ ಮನೆಯ ಗೋಡೆಯ ಮೇಲೆ ಅದು ಈಗಲೂ ಸೊನ್ನೆ ತೋರಿಸುತ್ತಿದೆ. ಹನ್ನೊಂದನೆಯ ಪಾಲು, ಅಂದರೆ ಮೇಲಿನ ಬೀದಿಯ ಕೊನೆಯ ಒಂಬತ್ತು ಗಜ ಕೊಳವೆ, ಪಂಪಣ್ಣನಿಗೆ ಸಲ್ಲಬೇಕಿತ್ತು. ಆದರೆ ಅವನು ಹನ್ನೊಂದೂ ಕಂಪನಿಗಳಿಗೆ ಹಂಚಿಕೆಯಾದ ನೌಕರನಾದ್ದರಿಂದ ಒಡೆಯನಾಗುವಂತಿರಲಿಲ್ಲ. ಹತ್ತಿರದ ಸಂಬಂಧಿಗೆ ಕೊಡತಕ್ಕದ್ದೆಂದು ಕಾನೂನು. ಅಕ್ಕ ಅಧ್ಯಕ್ಷೆಯಾದಳು.

ಆದೇಶ ಓದಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಒಂಬತ್ತು ಗಜಕ್ಕೆ ನಾನು ಅಧ್ಯಕ್ಷೆ! ಹುಚ್ಚು ಹಿಡಿದಿದೆ ಇವರಿಗೆ!" ಸರ್ಕಾರ ಮೊಹರು ಕಳಿಸಿತು, ಒಂದು ಸಲ ಒತ್ತಿ ನೋಡಿದಳು. ನೇರಳೆ ಬಣ್ಣ, ಅಂಚು ಅಚ್ಚುಕಟ್ಟಾಗಿ ಬಿತ್ತು. ಮತ್ತೊಂದು ಸಲ ಒತ್ತಿದಳು.

ಈಗ ಪಂಪು ಶುರು ಮಾಡುವ ಮೊದಲು ಪಂಪಣ್ಣ ಹತ್ತು ಮನೆ ಸುತ್ತಿ ಒಪ್ಪಿಗೆ ತರುತ್ತಾನೆ. ಹತ್ತೂವರೆಯೊಳಗೆ ಮುಗಿಯುತ್ತದೆ. ಊರವರು ಹನ್ನೊಂದರ ಮೇಲೆ ಸ್ನಾನ ಮಾಡುವುದನ್ನು ರೂಢಿಸಿಕೊಂಡಿದ್ದಾರೆ. ಬಿಸಿಲೇರಿದ ಮೇಲಿನ ಸ್ನಾನವೇ ಮೈಗೆ ಒಳ್ಳೆಯದಂತೆ. ಕೊನೆಗೆ ಅವನು ಅರವತ್ತೆರಡು ಮೆಟ್ಟಿಲು ಹತ್ತಿ ಲಾಂಡ್ರಿಗೆ ಬರುತ್ತಾನೆ. ಮೊನ್ನೆಯೂ ಬಂದ.

"ಅಕ್ಕಾ, ನೀರು ಬಿಡಲಾ?"

"ಅರ್ಜಿ?"

"ಅಕ್ಕಾ!"

"ಅಕ್ಕ ಮನೇಲಿ. ಇಲ್ಲಿ ಕೂತಿರೋದು ಕಂಪನಿ."

ಪಂಪಣ್ಣ ಜೇಬಿನಿಂದ ಅರ್ಜಿ ತೆಗೆದು ಕೊಟ್ಟ. ಅಕ್ಕ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಬೆಳಕಿಗೆ ಹಿಡಿದು ಪೂರ್ತಿ ಓದಿದಳು.

"ಎಷ್ಟು ನೀರು ಅಂತ ಬರೆದಿಲ್ಲ. ಸುಮ್ಮನೆ 'ನೀರು' ಅಂದ್ರೆ ಮೊಹರು ಹೇಗೆ ಒತ್ತಲಿ? ನಾಳೆ ಹೆಚ್ಚುಕಡಿಮೆಯಾದರೆ ನನ್ನನ್ನೇ ಕೇಳ್ತಾರೆ."

ಕೊಳೆ ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತಿದ್ದ ಗಿರಾಕಿಗಳು ಹೌದೆಂದು ತಲೆದೂಗಿದರು. "ಅಧ್ಯಕ್ಷರು ಹೇಳೋದು ಸರಿ. ಮೂರು ಪ್ರತಿ ತಂದಿದ್ರೆ ಇವತ್ತೇ ಆಗ್ತಿತ್ತು" ಎಂದು ಮೇಷ್ಟರೊಬ್ಬರು ಬುದ್ಧಿ ಹೇಳಿ, ತಮ್ಮ ಪೆನ್ನನ್ನೂ ಕೊಟ್ಟರು. ಪಂಪಣ್ಣ ಅದನ್ನು ತೆಗೆದುಕೊಂಡು, ಎಷ್ಟು ಎಂದು ಬರೆಯಲಿ ಎಂದು ಯೋಚಿಸುತ್ತ ನಿಂತ. ಬೆಂಚಿನವರೆಲ್ಲ ಒಂದಿಷ್ಟು ಒತ್ತರಿಸಿ ಅವನಿಗೂ ಕೂರಲು ಜಾಗ ಮಾಡಿಕೊಟ್ಟರು.