ನನ್ನ ಕಾರಿನ ಟೈರು, ಅವರ ಚಹಾ

ಸಿಟ್ಟು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ನನಗೂ ಗೊತ್ತು. ಹಲ್ಲು ಕಡಿಯಬೇಡಿ, ಸವೆದು ಹೋಗುತ್ತವೆ ಎಂದು ದಿನಾ ಪೇಶಂಟುಗಳಿಗೆ ಹೇಳುವವಳೇ ನಾನು. ಆದರೆ ಟೈರಿನ ಅಂಗಡಿಗೆ ಹೋಗಿ ಬಂದ ಮೇಲೆ ನಾನು ಎಷ್ಟು ಹಲ್ಲು ಕಡಿದಿದ್ದೇನೆಂದರೆ, ನನ್ನ ಕ್ಲಿನಿಕ್ಕಿನಲ್ಲಿ ನಾನೇ ಪಾಳಿ ಹಚ್ಚಬೇಕಾದ ಸ್ಥಿತಿ ಬಂದಿದೆ. ಬೆಳಗಾವಿಯ ಶಿವಬಸವ ನಗರದ ಆ ಕ್ಲಿನಿಕ್ಕಿನಲ್ಲಿ ನನಗೊಂದು ಸೌಕರ್ಯವಿದೆ. ಎದುರಿಗಿದ್ದವರು ಬಾಯಿ ತೆರೆದುಕೊಂಡು ಮಲಗಿರುತ್ತಾರೆ, ಮಾತಾಡುವವಳು ನಾನೊಬ್ಬಳೇ. ವರ್ಷಗಟ್ಟಲೆ ಹಾಗೆ ಬದುಕಿದವಳಿಗೆ, ಹೊರಗಡೆ ತನ್ನ ಮಾತು ಯಾರ ಕಿವಿಗೂ ಬೀಳುವುದಿಲ್ಲ ಎಂದು ಗೊತ್ತಾದರೆ ಸಿಟ್ಟು ಬಾರದೆ ಇನ್ನೇನು ಬಂದೀತು?

ಐವತ್ತು ದಾಟಿದ ಮೇಲೆ ನಾನೊಂದು ಸ್ಪೋರ್ಟ್ಸ್ ಕಾರು ಕೊಂಡೆ. ಗೋವಾದವರೊಬ್ಬರು ಓಡಿಸಿದ ಹಳೆಯ ಗಾಡಿ. ಕೆಂಪು ಬಣ್ಣ, ಎರಡೇ ಸೀಟು, ಗುಂಡಿ ಒತ್ತಿದರೆ ಮೇಲಿನ ಛತ್ತು ಮಡಚಿಕೊಂಡು ಡಿಕ್ಕಿಯೊಳಗೆ ಹೋಗುತ್ತದೆ. ನೆಲಕ್ಕೆ ಎಷ್ಟು ಹತ್ತಿರವೆಂದರೆ, ರಾಮತೀರ್ಥ ನಗರದಲ್ಲಿ ನಮ್ಮ ಮನೆಯ ಮುಂದಿರುವ ಸ್ಪೀಡ್ ಬ್ರೇಕರನ್ನು ಓರೆಯಾಗಿ ಹತ್ತಿ ಓರೆಯಾಗಿಯೇ ಇಳಿಯಬೇಕು. ಗಾಡಿ ಬಂದ ವಾರ ಓಣಿಯವರೆಲ್ಲ ಬಂದು ಅಭಿನಂದಿಸಿದರು. ನನ್ನನ್ನಲ್ಲ, ನಮ್ಮವರನ್ನು. ನಿವೃತ್ತಿಯಾದ ಮೇಲೆ ಸರಗೆ ಹುಮ್ಮಸ್ಸು ಬಂದಿದೆ ಎಂದರು. ನಮ್ಮವರು ಕಾಲೇಜಿನಲ್ಲಿ ಇತಿಹಾಸ ಕಲಿಸಿದವರು. ಅವರಿಗೆ ಸೈಕಲ್ ಹೊಡೆಯಲಿಕ್ಕೂ ಬರುವುದಿಲ್ಲ. ಅಭಿನಂದನೆ ಸ್ವೀಕರಿಸಲಿಕ್ಕೆ ಮಾತ್ರ ಬಹಳ ಚೆನ್ನಾಗಿ ಬರುತ್ತದೆ.

ಮೊದಲ ಮಳೆಗೆ ಒಂದು ತಿರುವಿನಲ್ಲಿ ಗಾಡಿಯ ಹಿಂಭಾಗ ಸರ್ರನೆ ಜಾರಿತು. ಎದುರಿಗೆ ಯಾರೂ ಇರಲಿಲ್ಲ, ನಮ್ಮ ಪುಣ್ಯ. ಇಳಿದು ನೋಡಿದರೆ ಟೈರುಗಳು ನುಣ್ಣಗೆ ಸವೆದಿದ್ದವು. ಹೊಸವು ಹಾಕಿಸುವವರೆಗೆ ಗಾಡಿ ಹೊರಗೆ ತೆಗೆಯುವಂತಿಲ್ಲ. ಒಂದು ವಾರ ಕುಳಿತು ನಾನು ಟೈರಿನ ವಿಷಯ ಓದಿಕೊಂಡೆ. ಟೈರಿನ ಮೈಮೇಲೆ ಬರೆದಿರುವ ಅಂಕಿಗಳಲ್ಲಿ ಮೊದಲನೆಯದು ಅಗಲ. ಎರಡನೆಯದು, ಆ ಅಗಲಕ್ಕೆ ಪಕ್ಕದ ಗೋಡೆಯ ಎತ್ತರ ನೂರಕ್ಕೆ ಎಷ್ಟು ಪಾಲು ಎಂಬುದು. ಕೊನೆಯದು ಒಳಗಿನ ಚಕ್ರದ ಇಂಚು. ನನ್ನ ಗಾಡಿಗೆ ಮುಂದೆ ೨೨೫/೪೫, ಹಿಂದೆ ೨೪೫/೪೦, ಎರಡೂ ಹದಿನೇಳು ಇಂಚಿನವು. ಎಂಜಿನ್ನಿನ ಜೋರೆಲ್ಲ ಹಿಂದಿನ ಚಕ್ರಕ್ಕೆ ಹೋಗುವುದರಿಂದ ಹಿಂದಿನವು ಅಗಲ. ಹಲ್ಲಿನ ವಿದ್ಯೆ ಕಲಿತವಳಿಗೆ ಇದು ಯಾವ ಲೆಕ್ಕ? ಬಾಯಿಯಲ್ಲಿ ಮುಂದಿನ ಹಲ್ಲಿನ ಅಳತೆ ಬೇರೆ, ದವಡೆಯದು ಬೇರೆ. ಎಲ್ಲವೂ ಒಂದೇ ಅಳತೆ ಇರಲಿ ಎಂದು ಯಾರೂ ನನ್ನ ಹತ್ತಿರ ಹಟ ಹಿಡಿದಿಲ್ಲ.

ಟೈರಿನ ಅಂಗಡಿಯ ಮಾಲೀಕ ಹಟ ಹಿಡಿದ. ನಾನು ಅಳತೆ ಹೇಳಿದೆ. ಅವನು ತಲೆಯಾಡಿಸಿ, ನನ್ನ ಪಕ್ಕಕ್ಕೆ ನಿಂತಿದ್ದ ನಮ್ಮವರ ಕಡೆಗೆ ತಿರುಗಿ, ಯಾವ ಅಳತೆ ಹಾಕಲಿ ಎಂದು ಕೇಳಿದ. ನಾನು ಮತ್ತೆ ಹೇಳಿದೆ. ಅವನು ಮತ್ತೆ ಅವರಿಗೇ ಉತ್ತರ ಕೊಟ್ಟ. ನಮ್ಮ ರಸ್ತೆಗಳಿಗೆ ಅಂಥ ತೆಳು ಟೈರು ನಡೆಯುವುದಿಲ್ಲವಂತೆ, ನಾಲ್ಕಕ್ಕೂ ೨೨೫/೫೫ ಹಾಕಿದರೆ ಗಾಡಿ ಮೇಲೇಳುತ್ತದಂತೆ, ಹಿಂದು ಮುಂದು ಬದಲಿಸಿಕೊಳ್ಳಲಿಕ್ಕೂ ಅನುಕೂಲವಂತೆ. ನಾನು ಪ್ರಶ್ನೆ ಕೇಳುವುದು, ಉತ್ತರ ನಮ್ಮವರಿಗೆ ಹೋಗುವುದು. ನಮ್ಮವರು ಇತಿಹಾಸದ ಸೆಮಿನಾರಿನಲ್ಲಿ ಕುಳಿತವರ ಹಾಗೆ ಗಂಭೀರವಾಗಿ ಕೇಳಿಸಿಕೊಳ್ಳುತ್ತಿದ್ದರು. ಆ ಹೊತ್ತಿಗೇ ಪೇಶಂಟೊಬ್ಬನ ಫೋನು ಬಂತು, ಹಿಂದಿನ ದಿನ ನಾನು ಅವನ ಹಲ್ಲಿಗೆ ಕೂಡಿಸಿದ್ದ ಕ್ಯಾಪನ್ನು ಅವನು ನುಂಗಿಬಿಟ್ಟಿದ್ದನಂತೆ. ಅವನಿಗೆ ಧೈರ್ಯ ಹೇಳುತ್ತ ರಸ್ತೆಯ ತನಕ ಹೋದೆ. ಅವನು ಅತ್ತ, ಅವನ ತಾಯಿ ಫೋನು ತೆಗೆದುಕೊಂಡು ಅತ್ತಳು. ಎಲ್ಲ ಮುಗಿಸಿ ತಿರುಗಿ ಬಂದರೆ, ನನ್ನ ಗಾಡಿಯ ಮುಂದಿನ ಎರಡೂ ಚಕ್ರಕ್ಕೆ ೨೨೫/೫೫ ಏರಿ ಕುಳಿತಿದೆ. ನಮ್ಮವರು ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಾರೆ.

"ಬ್ಯಾಡ ಅನ್ನಾಕ ಆಗಲಿಲ್ಲ," ಎಂದರು ನಮ್ಮವರು, ಕಪ್ಪಿನ ಕಡೆ ನೋಡುತ್ತ. "ಚಹಾ ತರಿಸಿಬಿಟ್ಟಿದ್ದರು."

ಅಂದರೆ ಹತ್ತು ರೂಪಾಯಿಯ ಚಹಾದ ದಾಕ್ಷಿಣ್ಯಕ್ಕೆ ನನ್ನ ಗಾಡಿಯ ಕಾಲು ಬದಲಾಗಿತ್ತು! ನಾನು ಗಾಡಿಯೊಳಗೆ ಕುಳಿತು ಸ್ಟೇರಿಂಗ್ ತಿರುಗಿಸಿದೆ. ಟೈರು ಚಕ್ರದ ಮೇಲಿನ ತಗಡಿನ ಕಮಾನಿಗೆ ತಾಗಿ ಕರಕರ ಅಂದಿತು. ಆ ಸದ್ದು ಕೇಳಿದರೆ ಯಾರಿಗಾದರೂ ನಾಚಿಕೆ ಬರಬೇಕಿತ್ತು. ಮಾಲೀಕ ನನ್ನಿಂದ ಒಂದು ಮೊಳ ದೂರದಲ್ಲಿ ನಿಂತು ನಮ್ಮವರಿಗೆ ಹೇಳಿದ: "ಮೇಡಂಗ ಹೇಳ್ರಿ ಸರ, ನಾಕ ದಿನ ಓಡಿಸಿದ್ರ ತಾನ ಸವದು ಹೊಂದ್ಕೊಂತೈತಿ."

ಎತ್ತರವಾದ ಕ್ಯಾಪು ಕೂಡಿಸಿ, ನಾಲ್ಕು ದಿನ ಅಗಿದರೆ ಸರಿಹೋಗುತ್ತದೆ ಎಂದು ನಾನು ಯಾರಿಗಾದರೂ ಹೇಳಿದ್ದರೆ ನನ್ನ ಕ್ಲಿನಿಕ್ಕಿನ ಬಾಗಿಲು ಎಂದೋ ಮುಚ್ಚುತ್ತಿತ್ತು. ಆಮೇಲೆ ನಾನು ಏನೇನು ಅಂದೆನೋ ಎಲ್ಲವನ್ನೂ ಇಲ್ಲಿ ಬರೆಯುವಂತಿಲ್ಲ. ಕನ್ನಡದಲ್ಲಿ ಸುರು ಮಾಡಿದ್ದು ನಡುವೆ ಮರಾಠಿಗೆ ಹೋಗಿ ಮತ್ತೆ ಕನ್ನಡಕ್ಕೆ ಬಂತು ಎಂದಷ್ಟೇ ನೆನಪು. ಈ ಗಾಡಿ ನನ್ನದು, ಓಡಿಸುವವಳು ನಾನು, ಜಾರಿದರೆ ಸಾಯುವವಳೂ ನಾನು, ಮಾತಾಡುವುದಿದ್ದರೆ ನನ್ನ ಮುಖ ನೋಡಿ ಮಾತಾಡು ಎಂಬುದು ಸಾರಾಂಶ. ಟೈರು ಬಿಚ್ಚಿ ಹಳೆಯವನ್ನೇ ತಿರುಗಿ ಹಾಕಿದರು. ಸರಿಯಾದ ಅಳತೆಯವನ್ನು ಹೊರಗಿನಿಂದ ತರಿಸುವುದಾಗಿ ಒಪ್ಪಿಕೊಂಡರು. ನನ್ನ ಫೋನ್ ನಂಬರ್ ಕೊಟ್ಟು ಬಂದೆ. ಮುಂದಿನ ವಾರ ಟೈರು ಬಂದಿವೆ ಎಂಬ ಫೋನು ನಮ್ಮವರಿಗೆ ಬಂತು.

ಅಂತೂ ಮುಂದೆ ೨೨೫, ಹಿಂದೆ ೨೪೫ ಹಾಕಿಸಿಕೊಂಡು, ಗೆದ್ದ ಹುರುಪಿನಲ್ಲಿ ಒಂದು ಭಾನುವಾರ ಖಾನಾಪುರದ ಕಡೆ ಹೊರಟೆವು. ಅಲ್ಲಿಂದ ಜಾಂಬೋಟಿಯ ಹಾದಿಯಲ್ಲಿ ನಮ್ಮವರ ಚಿಕ್ಕಪ್ಪನ ಮಗ ಮಹಾಂತೇಶನ ಹೊಲಮನೆ ಇದೆ. ದಾರಿಯುದ್ದಕ್ಕೂ ಮಳೆ, ತಿರುವಿನ ಮೇಲೆ ತಿರುವು. ಗಾಡಿ ಒಂದು ಕಡೆಯೂ ಜಾರಲಿಲ್ಲ. ಪ್ರತಿ ತಿರುವಿಗೂ ನಾನು, ನೋಡಿದಿರಾ, ನೋಡಿದಿರಾ ಎನ್ನುತ್ತಿದ್ದೆ. ನಮ್ಮವರು ಕಣ್ಣು ಮುಚ್ಚಿಕೊಂಡಿದ್ದರು.

ಮಹಾಂತೇಶನ ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಹಿಂದೆ ಎದೆಯೆತ್ತರದ ಹೊಸ ಟೈರು, ಮುಂದೆ ಸಣ್ಣವು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಲ್ಲಿ ನೋಡಿ, ಇದಕ್ಕೆ ನಾಲ್ಕೂ ಒಂದೇ ಹಾಕು ಎಂದು ಯಾವ ಅಂಗಡಿಯವನು ಹೇಳುತ್ತಾನೆ ಎಂದು ಭಾಷಣ ಸುರು ಮಾಡಿದೆ. ಟೈರಿನ ಅಂಗಡಿಯ ಕಥೆಯನ್ನೆಲ್ಲ ಹೇಳಿದೆ. ಹೆಂಗಸರನ್ನು ಕಣ್ಣೆತ್ತಿ ನೋಡದ ಇಂಥ ಗಂಡಸರನ್ನು ಏನು ಮಾಡಬೇಕು ಎಂದು ಕೇಳಿದೆ. ಮಹಾಂತೇಶನ ಹೆಂಡತಿ ಶಾಂತಾ ನೀರಿನ ತಂಬಿಗೆ ಹಿಡಿದು ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿದಳು. ಕೊನೆಗೆ ನಾನು, ಬಲ್ಲವಳ ಗತ್ತಿನಲ್ಲಿ ಟೈರಿನ ಮೇಲೆ ಕೈಯಿಟ್ಟು, ಇದರ ಅಳತೆ ಎಷ್ಟಪ್ಪಾ ಎಂದು ಮಹಾಂತೇಶನನ್ನು ಕೇಳಿದೆ.

"ಆಕಿನ್ನ ಕೇಳ್ರಿ ವೈನಿ," ಎಂದ ಮಹಾಂತೇಶ. "ಟ್ರ್ಯಾಕ್ಟರ್ ಹೊಡಿಯಾಕಿ ಆಕಿ. ನನಗ ಅದರ ಗಂಧಾನೂ ಇಲ್ಲ."

ಶಾಂತಾ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟಳು. "ಹದಿಮೂರು ಪಾಯಿಂಟ್ ಆರು, ಇಪ್ಪತ್ತೆಂಟ್ರಿ ಅಕ್ಕಾರ," ಎಂದಳು. "ಇಷ್ಟ ದಿನದಾಗ ಟೈರಿನ ಬಗ್ಗೆ ಕೇಳಿದ ಹೆಣ್ಮಗಳಂದ್ರ ನೀವೊಬ್ರ. ನೀವೂ ಇವರನ್ನ ಕೇಳಿದ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಹಾಗೆ ಎರಡು ಭಾಷೆಯಲ್ಲಿ ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು. ಊಟಕ್ಕೆ ಕುಳಿತಾಗ ಅವಳು ಮತ್ತೆ ಮತ್ತೆ ಬಡಿಸಿದಳು, ಒಂದಕ್ಕೂ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಬರುವಾಗ ಖಾನಾಪುರ ದಾಟುವವರೆಗೆ ತಡೆದುಕೊಂಡೆ. ಆಮೇಲೆ ತಡೆಯಲಾಗದೆ, ನಾನು ಮಹಾಂತೇಶನನ್ನು ಕೇಳುತ್ತಿದ್ದಾಗ ನೀವೇಕೆ ಸುಮ್ಮನೆ ಕುಳಿತಿದ್ದಿರಿ ಎಂದು ನಮ್ಮವರನ್ನು ಬೆಳಗಾವಿ ಮುಟ್ಟುವ ತನಕ ಬೈದೆ.