ನಲವತ್ಮೂರು ತಪ್ಪಿನ ಪುಸ್ತಕ

ನಾಲ್ಕನೇ ತರಗತಿಗೆ ಸಮಾಜ ಪಾಠದ ಹೊಸ ಪುಸ್ತಕ ಯಾವುದಿರಲಿ ಎಂದು ಸಂಜೆಯೊಳಗೆ ಹೇಳಿ ಎನ್ನುತ್ತ ಪ್ರಿನ್ಸಿಪಾಲರು ಎರಡು ಪುಸ್ತಕಗಳನ್ನು ಸೇತುರಾಮ ಮೇಷ್ಟ್ರ ಮೇಜಿನ ಮೇಲಿಟ್ಟು ಹೋದರು. ಪದ್ಮನಾಭನಗರದ ಆ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ ಮೇಷ್ಟ್ರನ್ನು ಅದುವರೆಗೆ ಯಾರೂ ಯಾವುದಕ್ಕೂ ಅಭಿಪ್ರಾಯ ಕೇಳಿದವರಲ್ಲ. ಮುಂದಿನ ಮಾರ್ಚಿಗೆ ನಿವೃತ್ತಿ. ಹೋಗುವ ಮೊದಲು ಒಂದು ವರ್ಷವಾದರೂ ಒಳ್ಳೆಯ ಪುಸ್ತಕ ಹಿಡಿದು ಪಾಠ ಮಾಡಬೇಕೆಂಬ ಆಸೆ ಅವರಿಗಿತ್ತು.

ಬಿಳಿ ರಟ್ಟಿನದು ಅಂಥ ಪುಸ್ತಕವೇ. ನಿಮ್ಮ ಬೀದಿಗೆ ಆ ಹೆಸರು ಹೇಗೆ ಬಂತೆಂದು ಅಜ್ಜಿಯನ್ನು ಕೇಳಿ ಬಾ ಎನ್ನುತ್ತಿತ್ತು. ಮದುವೆ ಮನೆಯ ಸೀರೆಯಂತೆ ಮಿಂಚುವ ಇನ್ನೊಂದರಲ್ಲಿ ಕಾವೇರಿ ಮಂಗಳೂರಿನ ಬಳಿ ಸಮುದ್ರ ಸೇರಿದ್ದಳು. ಪಂಚಾಯಿತಿ ಸದಸ್ಯರನ್ನು ರಾಜ್ಯಪಾಲರು ಆರಿಸುತ್ತಿದ್ದರು.

ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ಪಾಠದ ಅರ್ಪಿತ ಮೇಡಂ ಮಿಂಚುವುದೇ ಇರಲಿ ಎಂದರು. ಪೇರೆಂಟ್ಸ್ ಒಳಗೆ ತೆರೆದು ನೋಡುವುದಿಲ್ಲವಂತೆ. ಪಿ.ಟಿ. ಮೇಷ್ಟ್ರು ರಘು, ಆ ಪುಸ್ತಕದವರೇ ಕೊಟ್ಟ ಬಾಟಲಿಯಿಂದ ನೀರು ಗುಟುಕರಿಸುತ್ತ ತಲೆದೂಗಿದರು.

ಸೇತುರಾಮರಿಗೆ ರೇಗಿತು. ಊಟ ಬಿಟ್ಟು, ಉತ್ತರಪತ್ರಿಕೆ ತಿದ್ದುವವರಂತೆ ಕೆಂಪು ಪೆನ್ನು ಹಿಡಿದು ಕೂತರು. ಮಿಂಚುವ ಪುಸ್ತಕದಲ್ಲಿ ನಲವತ್ಮೂರು ತಪ್ಪು ಸಿಕ್ಕವು. ಸರಿಯುತ್ತರ ಸಹಿತ ಒಂಬತ್ತು ಪುಟದ ವರದಿಯಾಯಿತು. ಬಿಳಿ ಪುಸ್ತಕಕ್ಕೆ, ತಪ್ಪಿಲ್ಲದ ಉತ್ತರಕ್ಕೆ ಮೇಷ್ಟ್ರುಗಳು ಬರೆಯುವಷ್ಟನ್ನೇ ಬರೆದರು: ಚೆನ್ನಾಗಿದೆ.

ನಾಲ್ಕು ಗಂಟೆಗೆ ಶಾಲೆಯ ಅಧ್ಯಕ್ಷ ಚಿಕ್ಕಬೈರಪ್ಪ ಸ್ಟಾಫ್ ರೂಮಿಗೇ ಬಂದರು. ಶಾಲೆ ನಿಂತಿದ್ದು ಅವರ ತಂದೆಯ ರಾಗಿ ಹೊಲದಲ್ಲಿ; ಹಾಗಾಗಿ ಅವರ ಮಾತೇ ಕೊನೆ. ಒಂಬತ್ತೂ ಹಾಳೆ ಮಗುಚಿ ನೋಡಿ, ಕನ್ನಡಕ ತೆಗೆದು, ಮೇಷ್ಟ್ರ ಕೈ ಹಿಡಿದುಕೊಂಡರು. ಸೇತುರಾಮರು ಸಂತೋಷದಿಂದ ಇನ್ನೊಂದು ಕೈಯಲ್ಲಿ ಬಿಳಿ ಪುಸ್ತಕವನ್ನು ಮುಂದೆ ಸರಿಸಿದರು.

"ಎಂಥಾ ಕೆಲಸ ಮಾಡಿದೀರಿ ಸಾರ್. ಈ ಮಿಂಚೋ ಪುಸ್ತಕಾನೇ ತಗೊಳ್ಳೋಣ. ಇದರ ತಪ್ಪೆಲ್ಲ ನಿಮ್ಮ ಕೈಗೆ ಸಿಕ್ಕಿದೆ. ಆ ಬಿಳೀದರಲ್ಲಿ ಎಷ್ಟಿದೆಯೋ ಏನೋ, ನೀವು ಒಂದೂ ಹಿಡಿದಿಲ್ಲ."

ಅದರಲ್ಲಿ ತಪ್ಪೇ ಇಲ್ಲ ಎಂದು ಮೇಷ್ಟ್ರು ತೊದಲಿದರು. ತಪ್ಪಿಲ್ಲದ ಪುಸ್ತಕ ಎಲ್ಲಾದರೂ ಉಂಟೇ ಎಂದು ಅಧ್ಯಕ್ಷರು ನಕ್ಕರು. ಅರ್ಪಿತ, ರಘು ಚಪ್ಪಾಳೆ ತಟ್ಟಿದರು. ಹಾಗಾದರೆ ಮಕ್ಕಳಿಗೆ ನಾನು ಏನು ಕಲಿಸಲಿ ಎಂದು ಸೇತುರಾಮರು ಕೇಳಿದರು. ಕೇಳುವಾಗ ಅವರಿಗೆ ಅಳು ಬರುವಂತಾಗಿತ್ತು.

"ಕ್ಲಾಸಲ್ಲಿ ಸರಿಯಾದ್ದೇ ಹೇಳಿ ಸಾರ್, ಅದಕ್ಕೇ ನೀವಿರೋದು. ಪರೀಕ್ಷೇಲಿ ಮಾತ್ರ ಪುಸ್ತಕದಲ್ಲಿರೋದನ್ನೇ ಬರೀಲಿ. ನೀವು ಹೇಳಿದ್ದು ಬರೆದೋರಿಗೆ ಮಾರ್ಕ್ಸ್ ಕೊಡಬೇಡಿ."